ನುಗ್ಗೆಗಿಡದ ಬುಡದಲ್ಲಿ ಹೆಣ ಇತ್ತೇ?

ಪತ್ತೇದಾರಿ ಸಿನಿಮಾದಲ್ಲಿ ಕೊಲೆಗಾರ ಯಾರೆಂಬುದನ್ನು ಮಧ್ಯಂತರದೊಳಗೇ ಹೇಳಿಬಿಡುವ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿದೆ. ಚಳ್ಳಕೆರೆಯಲ್ಲಿ ಪೈಪು, ಪಂಪುಸೆಟ್ಟು ಮಾರುವ ಮನುಷ್ಯನಿಗೆ ಇಂಥ ಶಕ್ತಿಯಿಂದ ಏನು ಪ್ರಯೋಜನ ಎಂದು ನನ್ನ ಹೆಂಡತಿ ಸುಶೀಲಾ ಕೇಳುವುದುಂಟು. ಪ್ರಯೋಜನವಿದೆ. ಉಳಿದರ್ಧ ಸಿನಿಮಾ ನೋಡುವ ಶ್ರಮ ತಪ್ಪುತ್ತದೆ.

ಹಾಗಾಗಿ ಮೊಳಕಾಲ್ಮೂರಿನಲ್ಲೇ ಚಿತ್ರೀಕರಣಗೊಂಡ ಆ ಸಿನಿಮಾ ನಮ್ಮೂರಿನ ಥಿಯೇಟರಿಗೆ ಬಂದಾಗಲೂ ನಾನು ಅರ್ಧಕ್ಕೇ ಎದ್ದು ಬಂದೆ. ಕಥೆ ಇಷ್ಟು. ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರು. ಅಲ್ಲಿಯ ಚೆಕ್‌ಪೋಸ್ಟಿನ ಖಾಕಿ ಅಂಗಿಯ ಗುಮಾಸ್ತ ಓಬಯ್ಯ ಒಂದು ದಿನ ಕಾಣೆಯಾಗುತ್ತಾನೆ. ಹುಡುಕಲು ಬಂದ ಇನ್‌ಸ್ಪೆಕ್ಟರಿಗೆ ತೆಲುಗು ಬಾರದು. ಸಾಕ್ಷಿ ಹೇಳುವವರೆಲ್ಲ ತೆಲುಗಿನಲ್ಲೇ ಹೇಳುತ್ತಾರೆ. ನಡುವೆ ನಿಂತು ಅರ್ಥ ಬಿಡಿಸಿ ಹೇಳಲು ಒಬ್ಬ ದಲ್ಲಾಳಿ ಸಿಗುತ್ತಾನೆ. ಇತ್ತ ಓಬಯ್ಯ ಬಾಡಿಗೆಗಿದ್ದ ಮನೆಯ ಯಜಮಾನ ನಸುಕಿನಲ್ಲಿ ಎದ್ದು, ಹಿತ್ತಲ ನುಗ್ಗೆಗಿಡದ ಬುಡದಲ್ಲಿ ಗುಂಡಿ ತೋಡಲು ಶುರು ಮಾಡುತ್ತಾನೆ. ಅಲ್ಲಿಗೆ ಮಧ್ಯಂತರ.

ಕೊಲೆಗಾರ ಇನ್‌ಸ್ಪೆಕ್ಟರೇ ಎಂದು ನನಗೆ ಅಷ್ಟು ಹೊತ್ತಿಗಾಗಲೇ ಖಾತ್ರಿಯಾಗಿತ್ತು. ಅವನ ಮೀಸೆ ಸರಿಯಿರಲಿಲ್ಲ. ಅದೇ ಸಮಯಕ್ಕೆ ಪಕ್ಕದ ಹಳ್ಳಿ ನನ್ನಿವಾಳದ ಗಿರಾಕಿಯೊಬ್ಬರು ಮೋಟಾರು ಸುಟ್ಟಿತೆಂದು ಫೋನು ಮಾಡಿದರು. ಎದ್ದು ಹೋದೆ. ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಪೂರ್ತಿ ಸಿನಿಮಾದ ವಿಮರ್ಶೆ ಹೇಳತೊಡಗಿದೆ. ಪೂರ್ತಿ ನೋಡಿದವರು ನನ್ನ ಮುಖವನ್ನು ಒಂದು ಥರ ನೋಡುತ್ತಿದ್ದರು. ಅದು ಮೆಚ್ಚುಗೆ ಎಂದುಕೊಂಡೆ.

ಸಿನಿಮಾದ ಆ ಮನೆ ಬೇರೆ ಯಾರದೂ ಅಲ್ಲ, ಸುಶೀಲಾಳ ತಮ್ಮ ತಿಪ್ಪೇಸ್ವಾಮಿಯದು. ಮೊಳಕಾಲ್ಮೂರಿನಲ್ಲಿ ಅವನದು ರೇಷ್ಮೆ ಸೀರೆಯ ವ್ಯಾಪಾರ. ಅವನ ಮನೆಯ ಕಲ್ಲುಕಂಬದ ಪಡಸಾಲೆ, ನೀಲಿ ಬಾಗಿಲು, ಹಿತ್ತಲು, ಎಲ್ಲವನ್ನೂ ಮೆಚ್ಚಿ ಚಿತ್ರತಂಡದವರು ಬಾಡಿಗೆಗೆ ಹಿಡಿದಿದ್ದರು. ಅವನಿಗೂ ಒಂದು ಪಾತ್ರ ಕೊಟ್ಟಿದ್ದರು: ಚಹಾದಂಗಡಿಯಲ್ಲಿ ಕೂತು ಪೇಪರು ಓದುವುದು. ಪೇಪರು ಮುಖಕ್ಕೆ ಅಡ್ಡ ಬಂದಿತ್ತು. ಆದರೂ ಉಂಗುರ ನೋಡಿ ಬೆರಳು ಅವನದೇ ಎಂದು ನೆಂಟರೆಲ್ಲ ಒಪ್ಪಿದ್ದರು.

ಆ ತಿಪ್ಪೇಸ್ವಾಮಿಯ ಮಗಳು ವಾಣಿಗೆ ಆಗ ದೊಡ್ಡಉಳ್ಳಾರ್ತಿಯ ಸಂಬಂಧ ಕೂಡಿಬಂದಿತ್ತು. ಹುಡುಗ ಚಳ್ಳಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಹುಡುಗ ಹುಡುಗಿ ಒಪ್ಪಿದ್ದರು, ಹೂ ಮುಡಿಸುವ ಶಾಸ್ತ್ರಕ್ಕೆ ದಿನ ನೋಡುವುದಷ್ಟೇ ಬಾಕಿ. ಅಷ್ಟರಲ್ಲಿ ಆ ಸಿನಿಮಾ ಮೊಬೈಲಿಗೆ, ಟೀವಿಗೆ ಬಂತು. ಹುಡುಗನ ಅಜ್ಜಿ ಗೌರಮ್ಮನವರು ಬೀಗರಾಗುವವರ ಮನೆ ಸಿನಿಮಾದಲ್ಲಿದೆಯೆಂದು ಕನ್ನಡಕ ಹಾಕಿಕೊಂಡು ನೋಡಲು ಕೂತರು. ಯಜಮಾನ ಗುಂಡಿ ತೋಡಲು ಶುರು ಮಾಡಿದ ಹೊತ್ತಿಗೆ ಸರಿಯಾಗಿ ಉಳ್ಳಾರ್ತಿಯಲ್ಲಿ ಕರೆಂಟು ಹೋಯಿತು. ಅಜ್ಜಿ ಕತ್ತಲಲ್ಲೇ ತೀರ್ಮಾನ ಕೊಟ್ಟರು. ಹಿತ್ತಲಲ್ಲಿ ಹೆಣವಿರುವ ಮನೆಯಿಂದ ಹೆಣ್ಣು ತರುವುದು ಬೇಡ.

ಫೋನಿನಲ್ಲಿ ತಿಪ್ಪೇಸ್ವಾಮಿಯ ದನಿ ಬಿದ್ದುಹೋಗಿತ್ತು. "ಭಾವ, ಅದು ಸಿನಿಮಾ ಅಂತ ಎಷ್ಟು ಹೇಳಿದ್ರೂ ಅಜ್ಜಿ ಕೇಳವಲ್ರು. ವಾಣಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

"ನೀನು ಬಾಯಿ ಮುಚ್ಕೊಂಡಿರು. ಇದನ್ನ ನನಗೆ ಬಿಡು" ಎಂದೆ.

ಐದು ನಿಮಿಷಕ್ಕೆ ವಾಣಿಯ ಫೋನು ಬಂತು. "ಮಾವ, ನೀವು ಏನೂ ಮಾಡಬ್ಯಾಡ್ರಿ. ನಾನೇ ಅಜ್ಜಿ ಹತ್ರ ಮಾತಾಡ್ತೀನಿ."

ಮಗು, ದೊಡ್ಡವರಿಗೆ ತೊಂದರೆ ಕೊಡಬಾರದೆಂದು ಹಾಗೆ ಹೇಳುತ್ತಿದೆ ಎಂದು ನನ್ನ ಕಣ್ಣು ತುಂಬಿತು. ಸುಶೀಲಾಳನ್ನು ಕರೆದುಕೊಂಡು ದೊಡ್ಡಉಳ್ಳಾರ್ತಿಗೆ ಹೊರಟೆ.

ಗೌರಮ್ಮನವರು ಜಗಲಿಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲಿ ಅವರ ಮಗ, ಎಂದರೆ ಹುಡುಗನ ತಂದೆ, ಮಲ್ಲಿಕಾರ್ಜುನಪ್ಪನವರು. ನಾನು ಸಿನಿಮಾ ಎಂಬ ಕಲೆಯ ಸ್ವರೂಪವನ್ನು ಕುರಿತು ಒಂದಷ್ಟು ಹೊತ್ತು ಮಾತಾಡಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಇರ್ಲಿ. ಹೆಣ ಐತೋ ಇಲ್ವೋ?"

"ಇಲ್ಲ ಅಜ್ಜಿ. ಅದು ಬರೀ ಕಥೆ."

"ಕಥೆಯಾಗಾದ್ರೂ ಐತೋ ಇಲ್ವೋ? ಹೆಣ್ಣು ನೋಡೋಕೆ ಹೋದಾಗ ಅದೇ ಗಿಡದ ನುಗ್ಗೆಕಾಯಿ ಸಾರು ಎರಡು ಸಲ ಹಾಕಿಸ್ಕೊಂಡು ಉಂಡೀನಪ್ಪ ನಾನು."

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. "ಕಥೆಯಲ್ಲೂ ಇಲ್ಲ ಅಜ್ಜಿ. ಪೂರ್ತಿ ನೋಡಿರೋನು ನಾನು. ಆ ಯಜಮಾನ ಬಂಗಾರದಂಥ ಮನುಷ್ಯ. ಅವನು ತೋಡೋದು ತೆಂಗಿನ ಸಸಿ ನೆಡೋಕೆ" ಎಂದೆ.

"ತೆಂಗಿನ ಸಸಿ" ಎಂದು ಅಜ್ಜಿ ನನ್ನನ್ನೇ ನೋಡಿದರು.

"ಭಾನುವಾರ ಎಲ್ಲರೂ ಮೊಳಕಾಲ್ಮೂರಿಗೆ ಬನ್ರಿ. ಅದೇ ಮನೆಯಾಗೆ, ದೊಡ್ಡ ಟೀವಿಯಾಗೆ, ಆ ಸಿನಿಮಾನೇ ಪೂರ್ತಿ ತೋರಿಸ್ತೀನಿ. ಹಿತ್ತಲನ್ನೂ ತೋರಿಸ್ತೀನಿ. ಆಮೇಲೆ ನೀವೇ ಹೇಳ್ರಿ."

ದಾರಿಯಲ್ಲಿ ಸುಶೀಲಾ ಕೇಳಿದಳು, "ನೀವು ಪೂರ್ತಿ ಯಾವಾಗ ನೋಡಿದ್ರಿ?"

"ನೋಡಬೇಕಾ? ಕಥೆ ಎತ್ತ ಹೋಗುತ್ತೆ ಅಂತ ಗೊತ್ತಾಗಲ್ವಾ?"

"ಭಾನುವಾರದೊಳಗೆ ಒಂದ್ಸಲ ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಉತ್ತರ ಗೊತ್ತಿರುವ ಲೆಕ್ಕವನ್ನು ಬುದ್ಧಿವಂತ ಮತ್ತೆ ಮಾಡುವುದಿಲ್ಲ ಎಂದು ತಿಳಿಸಿಕೊಟ್ಟೆ. ಅವಳು ಕಿಟಕಿಯಾಚೆ ದನ ಮೇಯುವ ಕಾವಲಿನ ಹುಲ್ಲು ನೋಡುತ್ತ ಕೂತಳು.

ಭಾನುವಾರ ಬಂತು. ಸುಶೀಲಾಳೂ ನಾನೂ ಬೆಳಿಗ್ಗೆಯೇ ಹೊರಟು, ಕೊಂಡ್ಲಹಳ್ಳಿಯ ಹತ್ತಿರ ಒಂದು ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಜಯಶಾಲಿಗಳಂತೆ ಮೊಳಕಾಲ್ಮೂರು ತಲುಪಿದೆವು. ಜಯಶಾಲಿಯಂತೆ ಕಾಣುತ್ತಿದ್ದವನು ನಾನೊಬ್ಬನೇ ಎಂಬುದು ಈಗ ನೆನೆದರೆ ಹೊಳೆಯುತ್ತದೆ. ಉಳ್ಳಾರ್ತಿಯ ಕಾರೂ ಬಂತು. ಹುಡುಗ ಬಂದಿರಲಿಲ್ಲ, ಅಜ್ಜಿ, ಮಲ್ಲಿಕಾರ್ಜುನಪ್ಪ, ಅವರ ಹೆಂಡತಿ ಬಂದಿದ್ದರು. ಅಜ್ಜಿ ಮನೆಯೊಳಗೆ ನೀರು ಕೂಡ ಮುಟ್ಟಲಿಲ್ಲ. ಮನೆಯಿಂದಲೇ ಬಾಟಲಿ ತಂದಿದ್ದರು.

ಎಲ್ಲರೂ ಪಡಸಾಲೆಯಲ್ಲಿ ಕೂತರು. ಟೀವಿಯಲ್ಲಿ ಅದೇ ಪಡಸಾಲೆ ಬಂತು. ಅಜ್ಜಿ ಒಮ್ಮೆ ಟೀವಿಯ ಕಂಬ ನೋಡುವರು, ಒಮ್ಮೆ ತಾವು ಒರಗಿದ ಕಂಬ ನೋಡುವರು. ಯಜಮಾನನ ಪಾತ್ರಧಾರಿ ಬಂದು ಕುರ್ಚಿಯ ಮೇಲೆ ಕೂತಾಗ ಅದೇ ಕುರ್ಚಿಯಲ್ಲಿದ್ದ ಮಲ್ಲಿಕಾರ್ಜುನಪ್ಪನವರು ಮೆಲ್ಲಗೆ ಎದ್ದು ಚಾಪೆಗೆ ಬಂದರು. ತಿಪ್ಪೇಸ್ವಾಮಿಯ ಬೆರಳು ಬಂದಾಗ ಅವನು ಕೆಮ್ಮಿದ. ಯಾರೂ ಗಮನಿಸಲಿಲ್ಲ.

ಗುಂಡಿಯ ದೃಶ್ಯ ಬಂತು. ನಾನು ಎದ್ದು ಟೀವಿಯ ಪಕ್ಕ ನಿಂತೆ. "ಈಗ ನೋಡ್ರಿ. ಸಸಿ ಬರುತ್ತೆ."

ಸಸಿ ಬರಲಿಲ್ಲ. ಯಜಮಾನ ಒಂದು ಗಂಟು ತಂದು ಬಿಚ್ಚಿದ. ಒಳಗೆ ಓಬಯ್ಯನ ಖಾಕಿ ಅಂಗಿಯಿತ್ತು. ಅದನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದ.

"ಸಸಿ ಖಾಕಿ ಬಣ್ಣದ್ದು" ಎಂದು ಅಜ್ಜಿ ಹೇಳಿದರು.

ನಾನು ತಿಪ್ಪೇಸ್ವಾಮಿಯ ಕಡೆ ನೋಡಿದೆ. ಅವನು ಪಿಸುಗುಟ್ಟಿದ, "ನೀವೇ ಬಾಯಿ ಮುಚ್ಕೊಂಡಿರು ಅಂದ್ರಲ್ಲ ಭಾವ."

"ಇದು ಕನಸು. ಮುಂದೆ ಅವನು ಎದ್ದು ಕೂತ್ಕೋತಾನೆ" ಎಂದು ಎಲ್ಲರಿಗೂ ಧೈರ್ಯ ಹೇಳಿದೆ. ಅವನು ಎದ್ದು ಕೂರಲಿಲ್ಲ. ಮಲಗಿರಲೇ ಇಲ್ಲ.

ಕೊನೆಗೆ ನೆರೆಮನೆಯ ಮುದುಕಿಯೊಬ್ಬಳು ಇನ್‌ಸ್ಪೆಕ್ಟರಿಗೆ "ವಾಡು ಪೋಯ್ನಾಡು ಸಾಮೀ" ಎನ್ನುತ್ತಾಳೆ. ದಲ್ಲಾಳಿ ಅದನ್ನು ಏನೆಂದು ಹೇಳಿದನೋ, ಲಾರಿಯ ಹಾರನ್ನಿನಲ್ಲಿ ಕೇಳುವುದಿಲ್ಲ. ಇನ್‌ಸ್ಪೆಕ್ಟರು ತಲೆಯಾಡಿಸಿ ಜೀಪು ಹತ್ತುತ್ತಾನೆ. ಒಂದು ಬಸ್ಸು ಗಡಿ ದಾಟುತ್ತದೆ. ಹಿಂದಿನ ಸೀಟಿನಲ್ಲಿ ಯಾರದೋ ಕುತ್ತಿಗೆಯ ಹಿಂಭಾಗ ಕಾಣುತ್ತದೆ. ಅಲ್ಲಿಗೆ ಸಿನಿಮಾ ಮುಗಿಯಿತು. ಮನೆಯಲ್ಲಿ ಶುರುವಾಯಿತು.

"ವಾಡು ಪೋಯ್ನಾಡು ಅಂದ್ರೆ ಅವನು ಹೋದ ಅಂತ. ಬಸ್ಸಿನಾಗೆ ಇರೋದು ಓಬಯ್ಯನೇ. ಬದುಕ್ಯಾನೆ" ಎಂದ ತಿಪ್ಪೇಸ್ವಾಮಿ.

"ನಮ್ಮ ಕಡೇನೂ ಸತ್ತೋರಿಗೆ 'ಹೋದ' ಅಂತಾನೇ ಅಂತಾರೆ" ಎಂದರು ಮಲ್ಲಿಕಾರ್ಜುನಪ್ಪ.

"ಅಂಗಿ ಬಿಚ್ಚಿಟ್ಟು ಯಾವನು ಬಸ್ ಹತ್ತುತಾನೆ?" ಎಂದರು ಅಜ್ಜಿ.

"ಬೇರೆ ಅಂಗಿ ಹಾಕ್ಕೊಂಡಿರ್ತಾನೆ ಅಜ್ಜಿ."

"ಹಂಗಾದ್ರೆ ಹಳೇದನ್ನ ಹೂಳೋದ್ಯಾಕೆ? ಒಗೆದು ಇಟ್ಕೊಂಬಾದಪ್ಪ."

ಕೊಂದವಳು ಯಜಮಾನನ ಹೆಂಡತಿ ಎಂದು ಮಲ್ಲಿಕಾರ್ಜುನಪ್ಪನವರ ಹೆಂಡತಿ ಹೇಳಿದರು. ಆ ಹೆಂಗಸು ಇಡೀ ಸಿನಿಮಾದಲ್ಲಿ ಒಂದು ಸಲವೂ ನಕ್ಕಿಲ್ಲವೆಂಬುದು ಅವರ ಆಧಾರ. ದಿನಾ ಇಂಥ ಗಂಡನ ಜೊತೆ ಇರುವವಳು ಯಾಕೆ ನಗುತ್ತಾಳೆ ಎಂದು ಸುಶೀಲಾ ಆ ಹೆಂಗಸಿನ ಪರ ವಹಿಸಿದಳು. ಹೇಳುವಾಗ ಅವಳು ನನ್ನ ಕಡೆ ನೋಡಿದ್ದು ಆಕಸ್ಮಿಕವಿರಬೇಕು. ತಿಪ್ಪೇಸ್ವಾಮಿ ಕಾವೇರಿ, "ತೆಲುಗು ಬರದೋರಿಗೆ ಈ ಸಿನಿಮಾ ತಿಳಿಯಲ್ಲ ಬಿಡ್ರಿ" ಎಂದುಬಿಟ್ಟ. ಮಲ್ಲಿಕಾರ್ಜುನಪ್ಪನವರು ಮೇಲೆದ್ದು ಹೆಗಲಿಗೆ ಟವೆಲ್ಲು ಹಾಕಿಕೊಂಡರು. ನಮ್ಮ ಕಡೆ ಟವೆಲ್ಲು ಹೆಗಲೇರಿದರೆ ಮಾತು ಮುಗಿಯಿತೆಂದೇ ಅರ್ಥ. ಅಡುಗೆಮನೆಯ ಬಾಗಿಲಲ್ಲಿ ವಾಣಿಯ ಮುಖ ಕಂಡಿತು.

ನಾನು ನಡುವೆ ನಿಂತು ಎರಡೂ ಕೈ ಎತ್ತಿದೆ. "ಇಬ್ಬರೂ ಸರಿ. ಮುದುಕಿ ಹೇಳಿದ್ದು ಎರಡೂ ಅರ್ಥದಾಗೆ. ದೇಹ ಇಲ್ಲೇ ಹೋಯ್ತು, ಆತ್ಮ ಬಸ್ ಹತ್ತಿತು."

ಮಲ್ಲಿಕಾರ್ಜುನಪ್ಪನವರು ಚಪ್ಪಲಿ ಹುಡುಕತೊಡಗಿದರು.

ಮಾತು ಸೋತ ಕಡೆ ಕೈಗೆ ಕೆಲಸ ಕೊಡಬೇಕೆಂದು ಹಿರಿಯರು ಹೇಳುತ್ತಾರೋ ಇಲ್ಲವೋ, ನನಗೆ ಹಾಗೆನ್ನಿಸಿತು. "ಬರ್ರಿ ಎಲ್ಲರೂ ಹಿತ್ತಲಿಗೆ. ಕಣ್ಣಾರೆ ನೋಡ್ರಿ" ಎಂದು ಹಾರೆ ತೆಗೆದುಕೊಂಡು ನುಗ್ಗೆಗಿಡದ ಬುಡಕ್ಕೆ ನಡೆದೆ. ಪಂಚೆ ಎತ್ತಿ ಕಟ್ಟಿ, ಎಲ್ಲರೂ ಬಂದು ನಿಂತದ್ದು ಖಾತ್ರಿ ಮಾಡಿಕೊಂಡು, ಹಾರೆಯನ್ನು ಬಲವಾಗಿ ಇಳಿಸಿದೆ. ಮಣ್ಣು ಮೆತ್ತಗಿತ್ತು. ಇನ್ನೊಮ್ಮೆ ಇಳಿಸಿದೆ.

ಟಕ್ ಎಂದಿತು. ಆಮೇಲೆ ಬುಸ್ ಎಂದಿತು.

ಆ ಹಿತ್ತಲಿಗೆ ನೀರಿನ ಪೈಪು ಕೊಟ್ಟವನು ನಾನೇ. ಎಲ್ಲಿ ಹೂಳಬೇಕೆಂದು ನಿಂತು ಹೇಳಿದವನೂ ನಾನೇ. ಒಡೆಯುವುದಿಲ್ಲವೆಂದು ಭರವಸೆ ಕೊಟ್ಟವನೂ ನಾನೇ. ನೀರು ನನ್ನ ಮುಖದೆತ್ತರಕ್ಕೆ ಚಿಮ್ಮಿ, ಮಲ್ಲಿಕಾರ್ಜುನಪ್ಪನವರ ಇಸ್ತ್ರಿ ಅಂಗಿಯನ್ನು ತಲುಪಿ, ಗುಂಡಿ ತುಂಬ ಕೆಸರೆಬ್ಬಿಸಿತು. ಕೆಸರಿನೊಳಗಿಂದ, ಯಾರೋ ಮಲಗಿದ್ದವರು ಮೈಮುರಿದಂತೆ, ನಿಧಾನವಾಗಿ ಒಂದು ಖಾಕಿ ತೋಳು ಮೇಲೆ ಬಂತು.

ಗೌರಮ್ಮನವರು ಶಿವನ ನಾಮಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ನಾನು ಹಾರೆ ಕೈಬಿಟ್ಟೆ. ಅದು ನನ್ನ ಕಾಲ ಮೇಲೆಯೇ ಬಿತ್ತು. ಒಂದು ಕ್ಷಣ, ದೇವರಾಣೆಗೂ, ನನ್ನ ಭಾವಮೈದ ಯಾರನ್ನೋ ಕೊಂದಿದ್ದಾನೆಂದು ನಾನೂ ನಂಬಿದೆ.

ಗಂಡಸರು ಮೂವರೂ, ನೀರು ನಿಲ್ಲಿಸುವುದು ಹೇಗೆ ಎಂಬ ಬಗ್ಗೆ ಮೂರು ಅಭಿಪ್ರಾಯ ಹೇಳುತ್ತ ನಿಂತಿದ್ದೆವು. ವಾಣಿ ಯಾರಿಗೂ ಏನೂ ಹೇಳದೆ ಸೆರಗು ಸಿಕ್ಕಿಸಿ ಬಚ್ಚಲ ಹಿಂದಕ್ಕೆ ಓಡಿ ವಾಲ್ವು ತಿರುಗಿಸಿದಳು. ನೀರು ನಿಂತಿತು. ವಾಪಸು ಬಂದು ಗುಂಡಿಗೆ ಕೈಹಾಕಿ ಆ ಅಂಗಿಯನ್ನು ಎಳೆದು, ಹಿಂಡಿ, ಅಜ್ಜಿಯ ಮುಂದೆ ಬಿಡಿಸಿ ಹಿಡಿದಳು.

"ಶೂಟಿಂಗ್‌ನೋರು ಹೂತಿದ್ದು ಅಜ್ಜಿ. ತೆಗೀದೇ ಹೋಗಿಬಿಟ್ಟಾರೆ. ನಾನು ಕಿಟಕಿಯಾಗೆ ನಿಂತು ನೋಡ್ತಿದ್ದೆ, ಆರು ಸಲ ಹೂತು ಆರು ಸಲ ತೆಗೆದ್ರು. ಏಳನೇ ಸಲ ಹೂತಿದ್ದೇ ಊಟಕ್ಕೆ ಕರೆದ್ರು." ಆಮೇಲೆ ಬಗ್ಗಿ ಅಜ್ಜಿಯ ಪಾದ ನೋಡಿದಳು. "ನಿಮ್ಮ ಕಾಲು ನೆಂದಾವೆ. ಒಳಗೆ ಬರ್ರಿ, ಒರೆಸ್ತೀನಿ. ಜಾರುತೈತೆ, ನನ್ನ ಕೈ ಹಿಡ್ಕೊಳ್ರಿ."

ಅಜ್ಜಿ ಅವಳ ಕೆಸರು ಕೈಯನ್ನು ಹಾಗೇ ಹಿಡಿದುಕೊಂಡರು. ಮಗನ ಕಡೆ ತಿರುಗಿದರು.

"ಮಲ್ಲಿಕಾರ್ಜುನ, ಚಪ್ಪಲಿ ಬಿಡು. ಹೆಣ ಇರ್ಲಿ ಇಲ್ಲದೇ ಇರ್ಲಿ, ನನಗೆ ಈ ಹುಡುಗಿ ಬೇಕು."

ಪಡಸಾಲೆಯಲ್ಲಿ ಮತ್ತೆ ಎಲ್ಲರೂ ಕೂತರು. ಅಜ್ಜಿ ಅದೇ ಮನೆಯ ಲೋಟದಲ್ಲಿ ಚಹಾ ಕುಡಿದರು. ನಾನು ಊದಿದ ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿದ್ದೆ. ಕೊನೆಗೂ ಕೆಲಸ ಸಾಧಿಸಿದೆನಲ್ಲ ಎಂಬ ಸಮಾಧಾನದಿಂದ, "ಹಂಗಾದ್ರೆ ಅಜ್ಜಿ, ಸಿನಿಮಾದಾಗೆ ಕೊಂದೋರು ಯಾರು ಅಂತೀರಿ?" ಎಂದು ಕೇಳಿದೆ.

ಅಜ್ಜಿ ಲೋಟ ಕೆಳಗಿಟ್ಟರು. "ಮೊದಲು ತಿಳಿದಿರಲಿಲ್ಲ. ಇವತ್ತು ತಿಳೀತು. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ತಿರುಗಿಸಿ ಹೇಳ್ತಾ ನಡುವೆ ನಿಂತಿರ್ತಾನಲ್ಲ, ಆ ದಲ್ಲಾಳಿ. ಅವನೇ. ಅಂಥೋನು ಒಬ್ಬ ಇದ್ರೆ ಸಾಕು, ಹೆಣ ಬೀಳೋಕೆ."

ತಿಪ್ಪೇಸ್ವಾಮಿ ಯೋಚಿಸಿ ಹೌದೆಂದ. ಮಲ್ಲಿಕಾರ್ಜುನಪ್ಪ ಹೌದೆಂದರು. ಅವರ ಹೆಂಡತಿ ಹೌದೆಂದರು. ಸುಶೀಲಾ ಯೋಚಿಸದೆಯೇ ಹೌದೆಂದಳು. ಆ ಸಿನಿಮಾದ ಬಗ್ಗೆ ಅಷ್ಟು ಜನ ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ತಿಂಗಳು ಹೂ ಮುಡಿಸುವ ಶಾಸ್ತ್ರವಾಯಿತು. ಎರಡೂ ಮನೆಯವರ ಕೋರಿಕೆಯ ಮೇರೆಗೆ ನಾನು ಅಂದು ಬಾಯಿ ತೆರೆದದ್ದು ಹೋಳಿಗೆ ತಿನ್ನಲು ಮಾತ್ರ. ಇಷ್ಟು ಚೆನ್ನಾಗಿ ನಡೆದ ಶಾಸ್ತ್ರವನ್ನು ತಾವು ಕಂಡೇ ಇಲ್ಲವೆಂದು ಬಂದವರೆಲ್ಲ ಹೇಳಿಹೋದರು.