ಸೀನಣ್ಣನ ಜಾಮೀನು

ಅಂಧೇರಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂದಲು ನರೆಸಿಕೊಂಡ ಸೀನಣ್ಣನಿಗೆ ತುಳು, ಕನ್ನಡ, ಹಿಂದಿ, ಮರಾಠಿ ನಾಲ್ಕೂ ನೀರು ಕುಡಿದಷ್ಟು ಸಲೀಸು. ಆದರೆ ಆ ನಾಲ್ಕರಲ್ಲಿ ಒಂದರಲ್ಲೂ ಅವನಿಗೆ ‘ಇಲ್ಲ’ ಅನ್ನಲು ಬಾರದು. ಪಾಪದ ಮನುಷ್ಯನ ಕಷ್ಟಗಳೆಲ್ಲ ಹುಟ್ಟಿದ್ದು ಈ ಒಂದು ಕೊರತೆಯಿಂದಲೇ.

ಹೆಂಡತಿ ಶೀಲಾವತಿಯ ತಮ್ಮ ಪ್ರೀತಮ್ ಬೈಕುಲ್ಲಾದಲ್ಲಿ ಜ್ಯೂಸ್ ಅಂಗಡಿ ಹಾಕುವುದಕ್ಕೆ ಸಾಲ ಎತ್ತುವಾಗ, “ಭಾವಾ, ಒಂದು ಸೈನ್ ಅಷ್ಟೇ” ಎಂದಿದ್ದ. ಸೀನಣ್ಣ ಜಾಮೀನು ಸಹಿ ಹಾಕಿದ. ವರ್ಷ ತುಂಬುವುದರೊಳಗೆ ಪ್ರೀತಮ್ ಕಂತು ಕಟ್ಟುವುದನ್ನು ನಿಲ್ಲಿಸಿದ. ವಸೂಲಿಯವರು ನೇರ ಹೋಟೆಲಿಗೇ ಬಂದು, ಗಿರಾಕಿಗಳ ಎದುರಿಗೇ ಸೀನಣ್ಣನ ಮಾನ ಹರಾಜು ಹಾಕಿದರು. ಕೊನೆಗೆ ಅವನು ಹೆಂಡತಿಯ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಮಾರಿ, ಪೂರ್ತಿ ಸಾಲ ತೀರಿಸಿದ.

“ರಶೀದಿ ಅವನ ಹೆಸರಲ್ಲೇ ಇರಲಿ” ಎಂದಿದ್ದಳು ಶೀಲಾವತಿ. “ಭಾವ ತೀರಿಸಿದ್ದು ಅಂತ ಊರಲ್ಲಿ ಗೊತ್ತಾದ್ರೆ ನನ್ನ ತಮ್ಮನಿಗೆ ಯಾರು ಹೆಣ್ಣು ಕೊಡ್ತಾರೆ?”

ಸೀನಣ್ಣ ಅದಕ್ಕೂ ಹೂಂ ಎಂದಿದ್ದ.

ಇದೆಲ್ಲ ಮುಗಿದ ಕತೆ ಎಂದು ಅವನು ಮರೆತಿದ್ದಾಗಲೇ, ಒಂದು ಸೋಮವಾರ ಬೆಳಿಗ್ಗೆ ಮಗಳು ಲಾವಣ್ಯಾ ಮೊಬೈಲ್ ಹಿಡಿದುಕೊಂಡು ಎದುರು ಬಂದು ನಿಂತಳು. ಅವಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸಂಜೆಯೊಳಗೆ ಬ್ಯಾಂಕಿನ ಸಾಲದ ಪತ್ರ ತೋರಿಸದಿದ್ದರೆ ಆ ಸೀಟು ಬೇರೆಯವರ ಪಾಲು.

“ಪಪ್ಪಾ, ಲೋನ್ ರಿಜೆಕ್ಟ್ ಆಯ್ತು. ನಿಮ್ಮ ಕ್ರೆಡಿಟ್ ಸ್ಕೋರ್ ಏಕ್‌ದಮ್ ಡೌನ್ ಅಂತೆ. ಮಾಮಾನ ಲೋನ್ ನಿಮ್ಮ ರಿಪೋರ್ಟಲ್ಲಿ ಅಭೀ ಭೀ ಬಾಕಿ ತೋರಿಸ್ತದೆ.”

“ಅದು ತೀರಿಸಿ ಆಗಿದೆಯಲ್ಲ ಮಗಳೇ!”

“ಕಂಪ್ಯೂಟರ್‌ಗೆ ಗೊತ್ತಿಲ್ಲ ಪಪ್ಪಾ.” ಅವಳ ಕಣ್ಣು ತುಂಬಿತ್ತು.

ಸೀನಣ್ಣನ ಸಂಸಾರವಿದ್ದ ಜೋಗೇಶ್ವರಿಯ ಒತ್ತೊತ್ತು ಮನೆಗಳ ಚಾಳಿನಲ್ಲಿ ಗೋಡೆಗಳಿರುವುದು ಕ್ಯಾಲೆಂಡರ್ ತೂಗುಹಾಕುವುದಕ್ಕೆ ಮಾತ್ರ. ಸೀನಣ್ಣ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ರುಕ್ಮಿಣಿಬಾಯಿ ಒಂದು ಲೋಟ ಹಾಗಲಕಾಯಿ ರಸ ಹಿಡಿದು ಬಂದಳು. “ಘ್ಯಾ ಭಾವು, ತಗೊಳ್ಳಿ. ಶುಗರ್ ಇರಲಿ, ಸ್ಕೋರ್ ಇರಲಿ, ಇದರಿಂದ ಎಲ್ಲಾ ನಂಬರ್ ಸರಿ ಹೋಗ್ತದೆ.” ಬೇಡ ಎನ್ನಲಾರದೆ ಅವನು ಗಟಗಟನೆ ಕುಡಿದ.

ಎದುರುಮನೆಯ ಅಣವೀರಪ್ಪ, ಕಲಬುರಗಿ ಕಡೆಯ ಗಾರೆಮೇಸ್ತ್ರಿ, ಕೆಲಸಕ್ಕೆ ಹೊರಟವನು ಅಲ್ಲಿಯೇ ಮನಸ್ಸು ಬದಲಿಸಿದ. “ಒಬ್ಬರೇ ಹೋದ್ರ ಹೆದರಸ್ತಾರ್ರಿ. ನಾ ಬರ್ತೀನಿ ನಡೀರಿ. ನೀವು ಸುಮ್ಮ ನಿಂದರ್ರಿ, ನಾ ಮಾತಾಡ್ತೀನಿ.”

ಅಂಧೇರಿಯಲ್ಲಿ, ಪ್ರೀತಮನಿಗೆ ಸಾಲ ಕೊಟ್ಟಿದ್ದ ಕಂಪನಿಯ ತರುಣ ಅಧಿಕಾರಿ ರಶೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಣ ಕಟ್ಟಿದವರು ಪ್ರೀತಮ್. ಅವರ ಖಾತೆ ಚೊಕ್ಕ. ಜಾಮೀನುದಾರರು ಕಟ್ಟಿದ್ದಕ್ಕೆ ಪುರಾವೆ ಎಲ್ಲಿ? ಅವರ ಹೆಸರಿನ ಮುಂದಿನ ಬಾಕಿ ಅಳಿಸಬೇಕಾದರೆ ದೂರು ಬರೆದುಕೊಡಬೇಕು, ತಿಂಗಳು ಕಾಯಬೇಕು. ಇಷ್ಟನ್ನು ಹಿಂದಿಯಲ್ಲಿ ವಿವರಿಸಿ, “ಪ್ರೀತಮ್‌ಜೀಯವರನ್ನು ನೋಡಿ ಕಲಿಯಿರಿ ಅಂಕಲ್” ಎಂದು ಬುದ್ಧಿವಾದವನ್ನೂ ಸೇರಿಸಿದ.

ಅಣವೀರಪ್ಪ ಮೇಜು ಗುದ್ದಿದ. “ಏ ಸಾಹೇಬಾ, ಈ ಮನಷ್ಯಾ ಸುಳ್ಳ ಹೇಳಂಗಿಲ್ಲ! ಬೇಕಾದ್ರ ನಾ ಜಾಮೀನ ನಿಲ್ತೀನಿ! ಬರಕೋ ನನ್ನ ಹೆಸರಾ, ಫೋನ್ ನಂಬರಾ!”

ಅಧಿಕಾರಿ ಬರೆದುಕೊಂಡ. ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಅವನ ಮುಖ ಅರಳಿತು. ಕಂತಿನ ಮೇಲೆ ಮೊಬೈಲ್ ತಗೊಂಡು, ಬಾಕಿ ಉಳಿಸಿ, ವಿಳಾಸ ಬದಲಿಸಿದ್ದ ಅಣವೀರಪ್ಪನನ್ನು ಆ ಕಂಪನಿಯವರು ದೀಪಾವಳಿಯಿಂದ ಹುಡುಕುತ್ತಿದ್ದರು. ಇಬ್ಬರು ದಾಂಡಿಗರು ಬಾಗಿಲಿಗೆ ಅಡ್ಡ ಬಂದು ನಿಂತರು.

“ಸೀನಣ್ಣಾವ್ರ...” ಎಂದ ಅಣವೀರಪ್ಪ. ಸ್ವರ ಪಾತಾಳಕ್ಕಿಳಿದಿತ್ತು.

ಸೀನಣ್ಣ ಕಿಸೆಯಲ್ಲಿದ್ದುದನ್ನೆಲ್ಲ ತೆಗೆದು ಅವನ ಬಾಕಿ ಕಟ್ಟಿದ. ರಶೀದಿ ಅಣವೀರಪ್ಪನ ಹೆಸರಿನಲ್ಲಿಯೇ ಬಂತು. ಅದನ್ನು ಕಣ್ಣಿಗೊತ್ತಿಕೊಂಡು ಅವನು ಕೆಲಸಕ್ಕೆ ಹೊತ್ತಾಯಿತೆಂದು ಮಾಯವಾದ.

ಉಳಿದದ್ದು ಲಾವಣ್ಯಾಳ ಅರ್ಜಿ ತಿರಸ್ಕರಿಸಿದ್ದ ಜೋಗೇಶ್ವರಿಯ ಬ್ಯಾಂಕು. ಅಲ್ಲಿನ ಸೌಮ್ಯಾ ಮೇಡಂ ಪುತ್ತೂರಿನ ಕಡೆಯವಳು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ ನಿಟ್ಟುಸಿರುಬಿಟ್ಟಳು. “ನಂಗೆ ಅರ್ಥ ಆಗ್ತದೆ ಅಂಕಲ್, ಆದ್ರೆ ರೂಲ್ಸ್ ಹಾಗೆ ಉಂಟು. ಒಳ್ಳೆ ಸ್ಕೋರ್ ಇರುವ ಹತ್ತಿರದ ನೆಂಟರು ಯಾರಾದ್ರೂ ಸೈನ್ ಹಾಕ್ಲಿ, ಇವತ್ತೇ ಲೆಟರ್ ಕೊಡ್ತೇನೆ.”

ಸೀನಣ್ಣ ಹೆಂಡತಿಗೆ ಫೋನು ಮಾಡಿದ.

“ನೀವು ಪ್ರೀತಮನ ಸ್ಟೇಟಸ್ ನೋಡ್ಲಿಲ್ವಾ?” ಎಂದಳು ಶೀಲಾವತಿ. “ಅವನ ಸ್ಕೋರ್ ಹಾಕಿದ್ದಾನೆ, ಎಂಟುನೂರರ ಮೇಲೆ! ಪಕ್ಕದಲ್ಲಿ ಗಣಪತಿಯ ಫೋಟೋ. ಹೊಸ ಕಾರಿಗೆ ಕೂತಲ್ಲೇ ಲೋನ್ ಸಿಕ್ಕಿತಂತೆ.”

ಸೀನಣ್ಣ ಮೊಬೈಲು ತೆರೆದು ಆ ಅಂಕಿಯನ್ನೇ ನೋಡಿದ. ಶೀಲಾವತಿಯ ಬಳೆ, ಸರ, ಬೆಂಡೋಲೆ ಎಲ್ಲ ಅದರೊಳಗೆ ಕೂತಿದ್ದವು. ಆಮೇಲೆ, ಹೋಗಲಿ, ತನ್ನ ದುಡ್ಡಿನಲ್ಲಿ ಏರಿದ ಸ್ಕೋರು ಕೊನೆಗೆ ತನ್ನ ಮಗಳಿಗೇ ಒದಗುತ್ತದಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಬೈಕುಲ್ಲಾ ತಲುಪುವಾಗ ಅಂಗಿ ಮೈಗೆ ಅಂಟಿತ್ತು.

ಜ್ಯೂಸ್ ಅಂಗಡಿಯ ಎದುರು ಗೊಂಡೆ ಹೂವಿನ ಹಾರ ಹಾಕಿಕೊಂಡ ಕಾರು ನಿಂತಿತ್ತು. ಪ್ರೀತಮ್ ಓಡಿಬಂದು ಕಾಲಿಗೆ ಬಿದ್ದ, ಕುರ್ಚಿ ಒರೆಸಿದ, ಐಸ್ ಹಾಕದ ಮೋಸಂಬಿ ರಸ ಕೊಟ್ಟ. ಸೀನಣ್ಣ ತೊದಲುತ್ತಾ ವಿಷಯ ಹೇಳಿ ಮುಗಿಸಿದ.

ಪ್ರೀತಮನ ಮುಖ ನಿಜವಾಗಿಯೂ ಬಾಡಿತು. “ಲಾವಣ್ಯಾ ನನ್ನ ಜೀವ, ಭಾವಾ. ಕಿಡ್ನಿ ಕೇಳಿ, ಕೊಡ್ತೇನೆ. ಆದ್ರೆ ಜಾಮೀನು ಸೈನ್ ಮಾತ್ರ ಕೇಳ್ಬೇಡಿ.”

“ಯಾಕೆ ಮಾರಾಯಾ?”

“ನೆಂಟರನ್ನು ನಂಬಿ ಸೈನ್ ಹಾಕಿದವರ ಗತಿ ಎಂತ ಆಗ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನಲ್ಲ. ನಿಮ್ಮನ್ನು ನೋಡಿಯೇ ಕಲ್ತದ್ದು ಭಾವಾ!” ಎಂದು ಅವನು ಕೈಮುಗಿದ.

ಸೀನಣ್ಣ ಲೋಟ ಕೆಳಗಿಟ್ಟು ರಸ್ತೆಗಿಳಿದ. ಕಾಲೇಜಿನ ಆಫೀಸು ಮುಚ್ಚುವ ಹೊತ್ತಾಗಿತ್ತು. ಕಿಸೆಯಲ್ಲಿ ಫೋನು ಅಲುಗಿತು.

“ಪಪ್ಪಾ, ಕೆಲಸ ಆಯ್ತಾ?”

ಯಾರಿಗೂ, ಯಾವತ್ತೂ ಹೇಳಲಾಗದಿದ್ದ ಮಾತನ್ನು ಸೀನಣ್ಣ ಅಂದು ಮೊದಲ ಸಲ ಹೇಳಿದ.

“ಇಲ್ಲ ಮಗಳೇ.”