ಮೊದಲ ನಾಲ್ಕು ಫೋಟೋ

ಗಂಗಾ ಹದಿನೇಳನೆಯ ರೊಟ್ಟಿ ಬೇಯಿಸುತ್ತಿದ್ದಾಗ ಬೆಳಗಾವಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಒಂದು ಕೂಗು ಹಾಕಿ, ಫೋಟೋದ ಲಕೋಟೆಯನ್ನು ಕಟ್ಟೆಯ ಮೇಲೆ ಒಗೆದು ಹೋದ. ಆಗಲೇ ಎದ್ದು ಅದನ್ನು ಎತ್ತಿಕೊಂಡಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತು. ಆದರೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಉಬ್ಬುವ ರೊಟ್ಟಿ ಬಿಟ್ಟು ಏಳುವ ಹೆಂಗಸು ನೇಸರಗಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಬಾಯವ್ವ ಲಕೋಟೆ ಹರಿದಾಗಿತ್ತು.

"ಗಂಗವ್ವಾ, ಸಂಗಪ್ಪಣ್ಣನ ಮಗಳ ಲಗ್ನದ ಫೋಟೋ ಬಂದಾವು. ಅಳಿಯಾ ತಾಳಿ ಕಟ್ಟಾಕ ಹತ್ಯಾನ!"

"ಕಟ್ಟಲಿ ಬಿಡ. ಅದಕ್ಕ ಬಂದಿದ್ದಲ್ಲಾ ಅಂವಾ?"

"ಹುಗ್ಗಿ ಕೊಪ್ಪರಿಗಿಗೆ ಕಟ್ಟಾಕ ಹತ್ಯಾನವಾ!"

ಗಂಗಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸುಳ್ಳಲ್ಲ. ಮದುಮಗ ಸುಭಾಸ ಬಾಸಿಂಗ ಕಟ್ಟಿಕೊಂಡು, ಎರಡೂ ಕೈಯಲ್ಲಿ ತಾಳಿ ಹಿಡಿದು, ಪ್ರೀತಿಯಿಂದ ಬಾಗಿದ್ದ. ಅವನೆದುರು ಬೆರಳಗಲದ ಒಂದು ಕಪ್ಪು ಪಟ್ಟಿ. ಪಟ್ಟಿಯಾಚೆ ಹಬೆಯಾಡುವ ಗೋಧಿ ಹುಗ್ಗಿಯ ಕೊಪ್ಪರಿಗೆ. ಇನ್ನೊಂದು ಫೋಟೋದಲ್ಲಿ ಮದುಮಗಳು ಮಧು ನಾಚಿ ನಿಂತಿದ್ದಳು. ಪಕ್ಕದಲ್ಲಿ ಹಾರ ಹಾಕಿಕೊಂಡು ಬೀಗುತ್ತಿದ್ದವನು ಎಪ್ಪತ್ತು ವರ್ಷದ ಭರಮಪ್ಪ ಮಾಸ್ತರ. ಮೂವತ್ತೆರಡು ಫೋಟೋಗಳಲ್ಲೂ ಇದೇ ಕತೆ: ಒಂದರ ಬಲಗಡೆಯ ಅರ್ಧ, ಮುಂದಿನದರ ಎಡಗಡೆಯ ಅರ್ಧ. ಒಟ್ಟು ಮದುವೆಯನ್ನು ಯಾರೋ ಮುರಿದು ತಪ್ಪುತಪ್ಪಾಗಿ ಜೋಡಿಸಿದಂತಿತ್ತು.

ಲಕೋಟೆಯಲ್ಲಿ ಲ್ಯಾಬಿನವನ ಚೀಟಿಯೂ ಇತ್ತು. 'ಮೊದಲ ನಾಲ್ಕು ಫೋಟೋ ಪೂರ್ತಿ ಕಪ್ಪು. ಫೋಟೋದ ಅಂಚು ಕಾಣದೆ ಮಷಿನ್ ಅಂದಾಜಿನ ಮೇಲೆ ಕತ್ತರಿಸಿದೆ. ಮುಂದಿನ ಸಲ ರೋಲಿನಲ್ಲಿ ಮೊದಲು ಬೆಳಕಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.'

ಗಂಗಾ ಚೀಟಿಯನ್ನು ಕುಪ್ಪಸದೊಳಗೆ ತುರುಕಿದಳು. ಆ ನಾಲ್ಕು ಫೋಟೋ ತೆಗೆದವಳು ಅವಳೇ.

ಗಂಡ ನಿಜಗುಣಪ್ಪನ ಸ್ಟುಡಿಯೋದಲ್ಲಿ ಹದಿನೆಂಟು ವರ್ಷದಿಂದ ಆಲ್ಬಮ್ ಅಂಟಿಸುತ್ತಿದ್ದವಳಿಗೆ ಒಂದು ಹಳೆಯ ವಿಜ್ಞಾನ ಮಾಸಿಕ ಸಿಕ್ಕಿತ್ತು. ಆಕಾಶದ ಚಿಕ್ಕಿಗಳ ಫೋಟೋ ತೆಗೆಯಲು ದೊಡ್ಡ ದೂರದರ್ಶಕ ಬೇಡ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಹದಿನೈದು ಎಣಿಸುವಷ್ಟು ಹೊತ್ತು ತೆರೆದಿಟ್ಟರೆ ಸಾಕು, ಅದಕ್ಕಿಂತ ಹೆಚ್ಚಾದರೆ ಭೂಮಿ ತಿರುಗಿದ್ದು ತಿಳಿದು ಚಿಕ್ಕಿಗಳು ಗೆರೆಯಾಗುತ್ತವೆ ಎಂದು ಅದರಲ್ಲಿತ್ತು. ಹದಿನೈದು ಎಣಿಸುವಷ್ಟು ಬಿಡುವು ಯಾವ ಹೆಂಗಸಿಗಾದರೂ ಸಿಗುತ್ತದೆ. ಅಂದಿನಿಂದ ಮದುವೆ ಮುಗಿದ ಮೇಲೆ ರೋಲಿನಲ್ಲಿ ಉಳಿದ ಒಂದೆರಡು ಫೋಟೋ ಅವಳದಾಯಿತು. ಬೆಳಗಿನ ಜಾವ ನೀರು ಕಾಯಿಸಲು ಎದ್ದವಳು ಮಾಳಿಗೆ ಹತ್ತಿ ಕೃತ್ತಿಕೆಯ ಗೊಂಚಲು ಹಿಡಿಯುತ್ತಿದ್ದಳು. ಅದೃಷ್ಟವಿದ್ದ ದಿನ ಮೃಗಶಿರದ ಮೂರು ಚಿಕ್ಕಿಗಳ ಕೆಳಗಿನ ಹೊಗೆಯಂಥ ಮೋಡವೂ ಸಿಗುತ್ತಿತ್ತು. ಲ್ಯಾಬಿನವನು ಖಾಲಿ ಎಂದು ಬಿಟ್ಟ ಆ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡುವುದೇ ಅವಳ ಹಬ್ಬ.

ಈ ಸಲ ನಿಜಗುಣಪ್ಪ, "ಸಂಗಪ್ಪಂದು ದೊಡ್ಡ ಲಗ್ನಾ, ರೋಲ್ ಪೂರಾ ಮುಗಸ್ತೇನಿ" ಎಂದಿದ್ದ. ಹಾಗಾಗಿ ಅವಳು ಮದುವೆಯ ದಿನ ನಸುಕಿನಲ್ಲೇ ರೋಲಿನ ಮೊದಲ ನಾಲ್ಕನ್ನು ಬಳಸಿಬಿಟ್ಟಿದ್ದಳು. ಮೂವತ್ತಾರರ ರೋಲು ಮೂವತ್ತೆರಡಕ್ಕೇ ಮುಗಿದಾಗ ಅವನು ಮಂಟಪದಲ್ಲೇ ರೋಲಿನ ಕಂಪನಿಯವರ ಮೂರು ತಲೆಮಾರನ್ನು ಬೈದಿದ್ದ.

ಭಯ ಬೇರೆಯೇ ಇತ್ತು. ಹಿಂದಿನ ವರ್ಷ ರಾಮದುರ್ಗದಲ್ಲಿ ನಿಜಗುಣಪ್ಪ ರೋಲೇ ಹಾಕದೆ ಇಡೀ ಮದುವೆಯ ಫೋಟೋ ತೆಗೆದು ಬಂದಿದ್ದ. ಅಂದೇ ಆಣೆ ಮಾಡಿದ್ದ: "ಇನ್ನೊಂದು ತಕರಾರ ಬಂದ್ರ ಕ್ಯಾಮೆರಾ ಮಾರಿ ಕಟಕೋಳದಾಗ ಹಿಟ್ಟಿನ ಗಿರಣಿ ಹಾಕತೇನಿ." ಗಿರಣಿಯಲ್ಲಿ ಚಿಕ್ಕಿ ಕಾಣುವುದಿಲ್ಲ.

ಅವನು ಬೈಲಹೊಂಗಲದ ಸಾಲೆಯೊಂದಕ್ಕೆ ಹುಡುಗರ ಫೋಟೋ ತೆಗೆಯಲು ಹೋಗಿದ್ದ. ಬರುವುದರೊಳಗೆ ಏನಾದರೂ ಮಾಡಬೇಕೆಂದು ಗಂಗಾ ತಿರುಗಿ ನೋಡುತ್ತಾಳೆ, ಬಾಯವ್ವನೂ ಇಲ್ಲ, ಕೊಪ್ಪರಿಗೆಯ ಫೋಟೋವೂ ಇಲ್ಲ. ರೊಟ್ಟಿ ಆರುವುದರೊಳಗೆ ಫೋಟೋ ಓಣಿಯ ಹನ್ನೊಂದು ಮನೆ ಸುತ್ತಿ, ಹೆಣ್ಣಿನ ತಂದೆ ಸಂಗಪ್ಪನನ್ನೂ, ಸೊಸೆಯನ್ನು ಕರೆದೊಯ್ಯಲು ಕಿತ್ತೂರಿನಿಂದ ಬಂದಿದ್ದ ಬೀಗತಿ ರಾಮವ್ವನನ್ನೂ ಜೊತೆಗೆ ಕರೆದುಕೊಂಡು ವಾಪಸು ಬಂತು.

"ತಂಗೀ, ಎಲ್ಲಿ ನಿನ್ನ ಗಂಡಾ?" ಸಂಗಪ್ಪ ಗುಡುಗಿದ. "ಐದನೂರು ಮಂದಿಗೆ ಊಟಾ ಹಾಕಿ ಮಗಳನ್ನ ಆ ಭರಮಪ್ಪಗ ಕೊಟ್ಟೆನೇನು ನಾನು?"

"ಅಣ್ಣಾರ, ಅದು ಮಷಿನ್ ತಪ್ಪರಿ..."

"ಮಷಿನ್ ಅಲ್ಲವಾ ಇದು," ಎಂದಳು ರಾಮವ್ವ. "ಗಂಡಾ ಹೆಂಡತಿ ನಡುವ ಕರೀ ಪಟ್ಟಿ ಬಿದ್ದೈತಿ. ಯಾರೋ ಮಾಟಾ ಮಾಡಿಸ್ಯಾರ. ಸೊಸೀನ್ನ ನಾ ಕರಕೊಂಡ ಹೋಗಂಗಿಲ್ಲ."

"ಹಂಗಂದ್ರ ಮತ್ತೊಮ್ಮೆ ಲಗ್ನಾ ಮಾಡೂಣು," ಎಂದ ಸಂಗಪ್ಪ.

"ಹುಗ್ಗಿ ಮಾಡತೀರಲ್ಲರಿ?" ಎಂದು ಬಾಯವ್ವ ನಡುವೆ ಬಾಯಿ ಹಾಕಿದಳು.

"ಮಾಡತೇವಿ. ಕೊಪ್ಪರಿಗಿ ಮಾತ್ರ ಮಂಟಪದಿಂದ ದೂರ ಇಡತೇವಿ."

ಇಷ್ಟಾದ ಮೇಲೆ ಗಂಗಾಳಿಗೆ ತಡೆಯಲಾಗಲಿಲ್ಲ. ತನ್ನಿಂದಾಗಿ ಆ ಹುಡುಗಿ ತವರಲ್ಲೇ ಉಳಿಯಬಾರದು. "ತಪ್ಪು ನಂದರಿ. ಆ ದಿನಾ ನಸಿಕಿನ್ಯಾಗ ನಾನು..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ರಾಮವ್ವ ಕಟ್ಟಿನ ತಳದ ಫೋಟೋ ಎಳೆದು, "ಶಿವನ!" ಎಂದು ಕುಂತೇಬಿಟ್ಟಳು.

ಅದು ಗಂಗಾಳ ಕೊನೆಯ ಚಿಕ್ಕಿ ಫೋಟೋದ ಬಲ ಅರ್ಧ ಮತ್ತು ಮದುವೆಯ ಮೊದಲ ಫೋಟೋದ ಎಡ ಅರ್ಧ. ಒಂದು ಕಡೆ ಕಪ್ಪು ಆಕಾಶ, ತುಂಬ ಚಿಕ್ಕಿಗಳು, ನಡುವೆ ಹೊಗೆಯಂಥ ಬೆಳಕು. ಇನ್ನೊಂದು ಕಡೆ ಮದುವೆ ಮಾಡಿಸಿದ ಅಯ್ಯನವರು ಕೈ ಎತ್ತಿ, ಬೆರಳು ಚಾಚಿ, ನೇರ ಅದನ್ನೇ ತೋರಿಸುತ್ತಿದ್ದರು.

"ಅರುಂಧತಿ!" ಎಂದಳು ರಾಮವ್ವ. "ಹಾಡಹಗಲ ಅರುಂಧತಿ!"

ಅಯ್ಯನವರು ತೋರಿಸಿದ್ದು ಧ್ವನಿವರ್ಧಕವನ್ನು, 'ಬಂದ್ ಮಾಡೋ ಅದನ್ನ' ಎಂದು ಒದರುತ್ತ. ಗಂಗಾ ಅಲ್ಲೇ ನಿಂತು ಕೇಳಿದ್ದಳು. ಆದರೆ ಕರೆಕಳಿಸಿದ ಮೇಲೆ ಬಂದ ಅಯ್ಯನವರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಗಂಟಲು ಸರಿಮಾಡಿಕೊಂಡರು. "ನಾ ತೋರಿಸಿದ್ದು ಇದನ್ನ," ಎಂದರು. "ನಲವತ್ತು ವರ್ಷಾತು ತೋರಿಸಾಕ ಹತ್ತಿ. ಇವತ್ತ ಸಾಕ್ಷಿ ಸಿಕ್ತು."

ರಾಮವ್ವನ ಕಣ್ಣಲ್ಲಿ ನೀರು. "ನನ್ನ ಲಗ್ನದಾಗ ನನಗೇನೂ ಕಾಣಲಿಲ್ಲವಾ. ಬಿಸಿಲಷ್ಟ ಕಂಡಿತ್ತು. ಅತ್ತಿ ಬಾಜೂಕ ನಿಂತಿದ್ದಳು, ಕಂಡಿತರಿ ಅಂದುಬಿಟ್ಟೆ."

"ನಾನೂ," ಎಂದಳು ಬಾಯವ್ವ ಮೆಲ್ಲಗೆ. ಜೀವಮಾನದಲ್ಲಿ ಅವಳು ಮೆಲ್ಲಗೆ ಆಡಿದ ಮಾತು ಅದೊಂದೇ.

ಗಂಗಾ ಕೂಡ ತನ್ನ ಮದುವೆಯಲ್ಲಿ 'ಕಂಡಿತರಿ' ಎಂದವಳೇ. ಇದು ಅರುಂಧತಿಯಲ್ಲ, ಮೃಗಶಿರದ ಮೋಡ ಎಂದು ಹೇಳಲು ತುಟಿ ತೆರೆದವಳು ಆ ಇಬ್ಬರ ಮುಖ ನೋಡಿ ಮುಚ್ಚಿಕೊಂಡಳು.

ರಾಮವ್ವ ಮಾಟದ ಮಾತು ಬಿಟ್ಟು ಸೊಸೆಯನ್ನು ಕರೆದುಕೊಂಡು ಕಿತ್ತೂರಿನ ಬಸ್ಸು ಹತ್ತಿದಳು. ಸಂಜೆ ಬಸ್ಸಿಳಿದ ನಿಜಗುಣಪ್ಪನಿಗೆ ಹಾರ ಕಾದಿತ್ತು. ಹಾರ ಕಂಡು ಅವನು ಯಾರು ಸತ್ತರೆಂದು ಕೇಳಿದ. ಸಂಗಪ್ಪ ಅವನನ್ನು ಅಪ್ಪಿಕೊಂಡು, "ಹೆಂಗ ತೆಗದ್ಯೋ ಮಾರಾಯಾ!" ಎಂದು ಫೋಟೋ ಮುಖಕ್ಕೆ ಹಿಡಿದ. ನಿಜಗುಣಪ್ಪ ಒಂದು ಗಳಿಗೆ ಕಣ್ಣು ಬಿಟ್ಟ. ಆಮೇಲೆ ಎದೆ ಉಬ್ಬಿಸಿ, "ಅದಕ್ಕ ಕೈಯಾಗ ಗುಣಾ ಇರಬೇಕರಿ," ಎಂದ. ದೀಪ ಹಚ್ಚುವ ಹೊತ್ತಿಗೆ ಮೂರು ಮನೆಯವರು ತಮ್ಮ ಮದುವೆಗೂ ಅರುಂಧತಿ ಬೇಕೆಂದು ಹೇಳಿ ಹೋಗಿದ್ದರು.

ಎಲ್ಲರೂ ಹೋದ ಮೇಲೆ ಅವನು ಪಿಸುಗುಟ್ಟಿದ: "ಗಂಗಾ, ಖರೇ ಹೇಳ. ಇದು ಎಲ್ಲಿಂದ ಬಂತು?"

"ನನಗೇನ ಗೊತ್ತರಿ? ನಾಕು ಫೋಟೋ ಕಡಿಮಿ ಕೊಟ್ಟಿದ್ದರಲ್ಲ, ಅದಕ್ಕ ಕಂಪನಿಯವ್ರು ಕಳಿಸಿರಬೇಕು."

ಅವನಿಗೆ ಅದು ಸರಿಯೆನಿಸಿತು. ಗಿರಣಿಯ ಆಣೆ ಮರೆತ. ಕ್ಯಾಮೆರಾವನ್ನು ದೇವರ ಜಗಲಿಯ ಮೇಲೆ ಇಟ್ಟು, ಹೂ ಏರಿಸಿ, ಲೆನ್ಸಿನ ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಬಳಿದ. "ಲಗ್ನಾ ಇದ್ದಾಗಷ್ಟ ನಾ ತೆಗೀತೇನಿ. ಉಳಿದವ್ರು ಯಾರೂ ಮುಟ್ಟಬಾರದು. ಪೂಜಾ ಮಾತ್ರ ನೀ ಮಾಡು, ದಿನಾ ನಸಿಕಿನ್ಯಾಗ." ಆ ಒಂದು ನೆಗೆಟಿವ್‌ನಿಂದ ಐವತ್ತು ಪ್ರತಿ ಮಾಡಿಸುವುದೂ ತೀರ್ಮಾನವಾಯಿತು. ಎರಡು ವರ್ಷ ಚಳಿಯಲ್ಲಿ ನಿಂತು ಹಿಡಿದ ಮೃಗಶಿರದ ಮೋಡ ಗಂಡನ ಹೆಸರಿನಲ್ಲಿ, ಅರುಂಧತಿಯ ಹೆಸರಿನಲ್ಲಿ, ಊರೂರಿನ ಆಲ್ಬಮ್ಮುಗಳಿಗೆ ಹೊರಟಿತು.

ಗಂಗಾ ಅಡಿಗೆಮನೆಗೆ ಬಂದು ಲ್ಯಾಬಿನವನ ಚೀಟಿ ಬಿಚ್ಚಿ ಮತ್ತೊಮ್ಮೆ ಓದಿದಳು. ಮೊದಲು ಬೆಳಕಿನಲ್ಲಿ ಒಂದು ಫೋಟೋ. ಯಾವುದಾದರೂ ಆದೀತು. ಗೋಡೆ, ಬಾವಿ, ಬಾಯವ್ವ.

ಹದಿನೆಂಟು ವರ್ಷದಲ್ಲಿ ಈ ಸ್ಟುಡಿಯೋದಲ್ಲಿ ಅವಳದೊಂದು ಫೋಟೋ ಆಗಿರಲಿಲ್ಲ.

ಮುಂದಿನ ರೋಲು ಹಾಕಿದ ಸಂಜೆ, ಹಿತ್ತಲಲ್ಲಿ ಬಿಸಿಲಿರುವಾಗಲೇ, ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಿ ಕೂರಬೇಕು. ಯಾವ ಸೀರೆ ಉಡಬೇಕೆಂಬುದೂ ಆಗಲೇ ತೀರ್ಮಾನವಾಗಿತ್ತು. ಜಗಲಿಯ ಕಡೆಯಿಂದ ನಿಜಗುಣಪ್ಪ, "ಏನ ಮಾಡಾಕ ಹತ್ತೀ?" ಎಂದು ಕೂಗಿದ.

"ಏನಿಲ್ಲರಿ," ಎಂದಳು ಗಂಗಾ. ವಿಭೂತಿ ಒರೆಸಲು ಒಂದು ಮೆತ್ತನೆಯ ಹಳೆಯ ಬಟ್ಟೆ ಹುಡುಕಿ, ಮಡಚಿ, ರೊಟ್ಟಿಬುಟ್ಟಿಯ ಕೆಳಗೆ ಇಟ್ಟಳು.