ಕಂಪ್ಯೂಟರ್ ಕೋಣೆಯಲ್ಲಿ ಶ್ಯಾವಿಗೆ

ಜೇವರ್ಗಿಯ ತೊಗರಿ ಮಾರಾಟ ಸಂಘದ ಕಂಪ್ಯೂಟರು ಅವತ್ತು ಬೆಳಿಗ್ಗೆ ಕಣ್ಣು ತೆರೆಯಲಿಲ್ಲ. ಅದಕ್ಕೆ ಕಾರಣ ಶ್ಯಾವಿಗೆ. ಆ ಶ್ಯಾವಿಗೆಗೆ ಕಾರಣ ಗುಮಾಸ್ತ ನಾಗಣ್ಣನೇ ಎಂದರೆ ಅವನು ಈಗಲೂ ಒಪ್ಪುವುದಿಲ್ಲ. ಆದರೂ ಮಾತು ಖರೆ.

ತೊಂಬತ್ತಮೂರರಲ್ಲಿ ಕಂಪ್ಯೂಟರು ಬಂದಾಗ ನಾಗಣ್ಣ ಕಲಬುರ್ಗಿಗೆ ಹೋಗಿ ತರಬೇತಿ ಪಡೆದು ಬಂದಿದ್ದ. ಬಂದವನೇ ಅದರ ಕೋಣೆಗೆ ಮಠದ ಶಿಸ್ತು ತಂದ. ಚಪ್ಪಲಿ ಹೊರಗೆ. ಬೀಡಿ, ಚಹಾ ಹೊರಗೆ. ಧೂಳು ಯಂತ್ರದ ಹಗೆ, ಆದ್ದರಿಂದ ಕಿಟಕಿ ತೆಗೆಯುವಂತಿಲ್ಲ. ಕೆಲಸ ಮುಗಿದ ಕೂಡಲೇ ಬಂದ್ ಮಾಡಿ ಗವಸು ಹೊದಿಸಬೇಕು. ಬೇಸಿಗೆಯ ಗಾಳಿಗೆ ಜೇವರ್ಗಿಯ ಹಾಸಿಗೆ, ದಿಂಬು, ರೊಟ್ಟಿಬುಟ್ಟಿಯೆಲ್ಲ ಮಣ್ಣಾದರೂ ಆ ಕೋಣೆಯ ನೆಲದ ಮೇಲೆ ಮಾತ್ರ ಅನ್ನ ಬಡಿಸಿಕೊಂಡು ಉಣ್ಣಬಹುದಿತ್ತು.

ಸಂಘದ ಕಸ ಗುಡಿಸುವ ಗುರಮ್ಮನಿಗೂ ಹಾಗೇ ಅನ್ನಿಸಿತು. ಅಂಗಳದಲ್ಲಿ ಶ್ಯಾವಿಗೆ ಒಣಹಾಕಿದರೆ ಮಣ್ಣು, ಮಾಳಿಗೆ ಮೇಲೆ ಹಾಕಿದರೆ ಮಂಗ. ಕಂಪ್ಯೂಟರ್ ಡಬ್ಬಿಯ ಹಿಂದಿನಿಂದ ಬೆಚ್ಚಗಿನ ಗಾಳಿ ಬರುವುದನ್ನು ಕಸ ಗುಡಿಸುವಾಗ ಆಕೆ ಕಂಡಿದ್ದಳು. ಗುಂಡಿ ಒತ್ತುವುದನ್ನೂ ಕಂಡಿದ್ದಳು. ಸಂಜೆ ಎಲ್ಲರೂ ಹೋದ ಮೇಲೆ ಎರಡು ಕುರ್ಚಿಗಳ ನಡುವೆ ಕೋಲಿಟ್ಟು, ಹಸಿ ಶ್ಯಾವಿಗೆಯನ್ನು ಅದರ ಮೇಲೆ ಇಳಿಬಿಟ್ಟು, ಕಂಪ್ಯೂಟರು ಹಚ್ಚಿ ಮನೆಗೆ ಹೋದಳು. ಎಳೆಗಳು ತೂಗಾಡುತ್ತ ತೂಗಾಡುತ್ತ ಡಬ್ಬಿಯ ಜಾಳಿಗೆಯೊಳಗೆ ನುಗ್ಗಿ ಒಳಗಿನ ಫ್ಯಾನಿಗೆ ಸುತ್ತಿಕೊಂಡವು. ಫ್ಯಾನು ನಿಂತಿತು. ಡಬ್ಬಿ ಕಾದು ಕಾದು ತಾನೇ ಬಂದಾಯಿತು.

ಬೆಳಿಗ್ಗೆ ನಾಗಣ್ಣ ಬಾಗಿಲು ತೆಗೆದಾಗ ಶ್ಯಾವಿಗೆಯ ಪರದೆಯ ಹಿಂದೆ ಅವನ ಕಂಪ್ಯೂಟರು ಮದುಮಗಳಂತೆ ಕುಳಿತಿತ್ತು. ಗುಂಡಿ ಒತ್ತಿದ. ‘ಗುರ್’ ಎಂದಿತು, ಸುಮ್ಮನಾಯಿತು.

ಬೇರೆ ದಿನವಾಗಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಆದರೆ ಅವತ್ತು ಕಲಬುರ್ಗಿಯ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ನಾಗಣ್ಣನ ಹೆಂಡತಿ ಶಿವಕಾಂತಾ ಆಳಂದದಲ್ಲಿ ಸಾಲಿ ಮಾಸ್ತರಣಿ. ಇವನು ಶನಿವಾರ ಬಸ್ಸು ಹತ್ತಿ ಹೋಗಿ ಸೋಮವಾರ ನಸುಕಿಗೆ ಮರಳುವವನು. ಎರಡು ವರ್ಷದ ಮಗಳು ಇವನನ್ನು ಕಂಡರೆ “ಅವ್ವಾ, ಕಾಕಾ ಬಂದಾನ” ಎಂದು, ಅಪ್ಪನನ್ನೇ ಚಿಕ್ಕಪ್ಪನಾಗಿಸಿ, ಒಳಗೆ ಓಡುತ್ತಿದ್ದಳು. ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಆಳಂದಕ್ಕೆ ವರ್ಗ ಕೇಳಿದಾಗ ಸಾಹೇಬರು, “ಮೊದ್ಲ ನಿನ್ನ ಯಂತ್ರ ನೋಡ್ತೇನಿ, ಆಮ್ಯಾಲ ವರ್ಗದ ಮಾತು” ಎಂದಿದ್ದರು. ಯಂತ್ರ ನಡೆದರೆ ವರ್ಗ, ಇಲ್ಲವಾದರೆ ಕಾಕಾ.

“ಗುರಮ್ಮಾ! ಇದೇನ ಮಾಡಿಟ್ಟಿ ಬೇ!” ಎಂದು ಕೂಗಿದ.

ಗುರಮ್ಮ ಬಂದು ಎಳೆ ಮುಟ್ಟಿ ನೋಡಿದಳು. “ಎಷ್ಟ ಛಂದ ಒಣಗ್ಯಾವ ನೋಡ್ರಿ! ಇಲ್ಲಿ ಒಂದ ಕಣ ಧೂಳ ಇರಂಗಿಲ್ಲಂತ ನೀವ ಹೇಳಿದ್ದಲ್ರಿ? ನಾ ಚಪ್ಪಲ ಸುದ್ದ ಹೊರಗ ಬಿಟ್ಟ ಬಂದಿದ್ನೆಪ್ಪಾ.”

ಎಲ್ಲ ನಿಯಮ ಪಾಲಿಸಿದವಳನ್ನು ಬೈಯುವುದು ಹೇಗೆ?

ಸಂಘದ ಮ್ಯಾನೇಜರ್ ದೌಲತರಾಯರು ಮೂಗರಳಿಸುತ್ತ ಬಂದರು. “ಶ್ಯಾವಿಗಿ ಹುರಿದ ವಾಸನಿ ಬರಾಕತ್ತದಲ್ಲೋ ನಾಗಣ್ಣ. ಸಾಹೇಬ್ರಿಗೆ ಪಾಯಸದ ಬಂದೋಬಸ್ತ್ ಏನು?”

“ಪಾಯಸಲ್ರಿ, ಕಂಪ್ಯೂಟರ್ ಕೆಟ್ಟದ್ರಿ!”

ದೌಲತರಾಯರು ಇದ್ದಲ್ಲೇ ಕುಸಿದು ಕುಳಿತರು. ಕುರ್ಚಿಗಳೆಲ್ಲ ಶ್ಯಾವಿಗೆಯ ಸೇವೆಯಲ್ಲಿದ್ದುದರಿಂದ ನೆಲದ ಮೇಲೇ ಕುಳಿತರು.

ನಾಗಣ್ಣ ವಾಯರು ಕಿತ್ತು, ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ, ಕಳೆದುಹೋಗಬಾರದೆಂದು ತುಟಿಗಳ ನಡುವೆ ಹಿಡಿದುಕೊಂಡ. ಒಳಗೆ ಫ್ಯಾನು ಶ್ಯಾವಿಗೆಯ ಉಂಡೆಯಾಗಿತ್ತು. ಸೂಜಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದ. ಅಷ್ಟರಲ್ಲಿ ಲೆಕ್ಕ ಬರೆಯುವ ಸುಭದ್ರಾಬಾಯಿ ಬಂದು ಗಲ್ಲದ ಮೇಲೆ ಬೆರಳಿಟ್ಟರು.

“ದೃಷ್ಟಿ ಆಗ್ಯಾದ್ರಿ. ನಿನ್ನಿ ಬಂದ ರೈತರೆಲ್ಲ ಇದನ್ನ ಹ್ಯಾಂಗ ನೋಡಿದ್ರು, ನಾ ಕಂಡೇನಿ. ಎರಡ ಮೆಣಸಿನಕಾಯಿ ಸುಟ್ರ ಮುಗೀತು.”

ನಾಗಣ್ಣ ಬೇಡವೆನ್ನಲು ಬಾಯಿ ತೆರೆಯುವಂತಿರಲಿಲ್ಲ, ಸ್ಕ್ರೂ ಇದ್ದವು. ತಲೆಯಾಡಿಸಿದ. ಸುಭದ್ರಾಬಾಯಿ ಅದನ್ನು ಒಪ್ಪಿಗೆ ಎಂದುಕೊಂಡರು. ಕೆಂಡದ ಮೇಲೆ ಉಪ್ಪು, ಬ್ಯಾಡಗಿ ಮೆಣಸಿನಕಾಯಿ ಹಾಕಿ ಯಂತ್ರಕ್ಕೆ ನಿವಾಳಿಸಿದರು. ಕಿಟಕಿ ತೆಗೆಯಬಾರದೆಂಬ ನಿಯಮ ಇದ್ದೇ ಇತ್ತಲ್ಲ, ಹೊಗೆ ಒಳಗೇ ಗಿರಕಿ ಹೊಡೆಯಿತು. ಮೊದಲು ದೌಲತರಾಯರು ಸೀನಿದರು, ಆಮೇಲೆ ಗುರಮ್ಮ. ಕೊನೆಗೆ ನಾಗಣ್ಣ ಸೀನಿದ ಸೀನಿಗೆ ನಾಲ್ಕೂ ಸ್ಕ್ರೂ ಡಬ್ಬಿಯ ಕಡೆಗೆ ಹಾರಿ ಹೋದವು.

“ಡಬ್ಬಿ ಹೊಳ್ಳಿ ಹಾಕ್ರಿ! ಜಾಡಸ್ರಿ!” ಎಂದು ನಾಗಣ್ಣ ಕೂಗಿದ.

ನಾಲ್ವರೂ ಡಬ್ಬಿಯ ಒಂದೊಂದು ಮೂಲೆ ಹಿಡಿದು ಜರಡಿಯಂತೆ ಆಡಿಸಿದರು. ಮೂರು ಸ್ಕ್ರೂ ಉದುರಿದವು. ನಾಲ್ಕನೆಯದು ಒಳಗೆ ಉಳಿದರೆ ಯಂತ್ರ ಸುಟ್ಟೇ ಹೋಗುತ್ತದೆ ಎಂದು ನಾಗಣ್ಣ ಅಳುಮೋರೆ ಮಾಡಿದ. ಆಗ ದೌಲತರಾಯರು ಬೆನ್ನು ತುರಿಸಿಕೊಳ್ಳುತ್ತ, “ಯಾಕೋ ಅಂಗಿಯೊಳಗ ತಣ್ಣಗ ಏನೋ ಜಾರಾಕತ್ತದ” ಎಂದರು. ಅದು ಅಲ್ಲಿತ್ತು.

ಗುರಮ್ಮ ತನ್ನ ತಪ್ಪಿಗೆ ಪರಿಹಾರವೆಂದು, ಡಬ್ಬಿಯ ಗಾಳಿ ನಿಂತಿದೆಯೆಂದು ಹೇಳಿ, ಎದುರಿನ ಸೈಕಲ್ ಅಂಗಡಿಯ ರಸೂಲನನ್ನು ಪಂಪಿನ ಸಮೇತ ಕರೆತಂದಳು. ರಸೂಲ ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದ.

“ಹವಾ ಹೋಗ್ಯಾದ ಅಂದ್ರ ಪಂಚರೇ ಆಗಿರ್ತದ್ರಿ. ಒಂದ ಬಕೆಟ್ ನೀರ ತರ್ರಿ, ಮುಳಗಿಸಿ ನೋಡೂಣು. ಗುಳ್ಳಿ ಎಲ್ಲಿ ಬರ್ತಾವೋ ಅಲ್ಲಿ ತೂತು.”

ನಾಗಣ್ಣ ಡಬ್ಬಿಯನ್ನು ಮಗುವಿನಂತೆ ಅಪ್ಪಿಕೊಂಡ. “ನೀರ ಹೆಸರ ತಗೀಬ್ಯಾಡ ರಸೂಲ, ನಿನ್ನ ಕಾಲ ಬೀಳ್ತೇನಿ! ಬರೇ ಹವಾ ಹೊಡೀ!”

ರಸೂಲ ಸ್ವಲ್ಪ ನೊಂದುಕೊಂಡರೂ ಹವಾ ಹೊಡೆದ. ಜೋರಾಗಿಯೇ ಹೊಡೆದ. ಎಷ್ಟು ಗವಸು ಹೊದಿಸಿದರೂ ಒಳಗೆ ಸೇರಿದ್ದ ಒಂದು ವರ್ಷದ ಧೂಳು, ಶ್ಯಾವಿಗೆಯ ಪುಡಿ ಎಲ್ಲ ಭುಸ್ಸೆಂದು ಎದ್ದು ನಾಗಣ್ಣನ ಮುಖಕ್ಕೇ ಮೆತ್ತಿತು. ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಶ್ಯಾವಿಗೆ ಒಂದು ಕಡೆ, ಕೆಂಡ ಒಂದು ಕಡೆ ಓಡಿದವು, ರಸೂಲ ಹಿಂಬಾಗಿಲ ಕಡೆ ಓಡಿದ. ನಾಗಣ್ಣ ಸ್ಕ್ರೂ ತಿರುಗಿಸಿ, ವಾಯರು ಚುಚ್ಚಿ, ಬಸವಣ್ಣನ ಹೆಸರು ಹೇಳಿ ಗುಂಡಿ ಒತ್ತಿದ.

ಫ್ಯಾನು ತಿರುಗಿತು. ಪರದೆ ಬೆಳಗಿತು. ನಾಗಣ್ಣನಿಗೆ ಕುಣಿಯುವಷ್ಟು ಸಂತೋಷವಾಯಿತು. ಅಂದೇ ರಾತ್ರಿ ಟ್ರಂಕು ಕಟ್ಟಿಬಿಡೋಣವೆನ್ನಿಸಿತು.

ಸಾಹೇಬರು ಬಂದು ನೋಡಿದರು, ಅಚ್ಚಾಗಿ ಹೊರಬಂದ ತೊಗರಿ ಲೆಕ್ಕ ನೋಡಿದರು, ನಾಗಣ್ಣನ ಬೂದಿಮುಖ ನೋಡಿದರು.

“ಭೇಷ್! ಮೈಮ್ಯಾಲ ಧೂಳಿದ್ರೂ ಯಂತ್ರದ ಮ್ಯಾಲ ಇಲ್ಲ. ಆಳಂದದ ಸಂಘದ ಕಂಪ್ಯೂಟರ್ ಸತ್ತದ, ಒಳಗ ಇಲಿ ಮರಿ ಹಾಕ್ಯಾದ. ಅಫಜಲಪುರದ್ದೂ ಸತ್ತದ, ಯಾರೋ ಚಹಾ ಚೆಲ್ಯಾರ. ಇದೂ ಸತ್ತಿದ್ರ, ಈ ಉಸಾಬರಿನೇ ಬ್ಯಾಡಂತ ಬಂದ್ ಮಾಡಿ, ನಿನ್ನ ನಾಳಿಗೇ ಆಳಂದಕ್ಕ ಕಳಸವ ಇದ್ದೆ.”

ನಾಗಣ್ಣ ಕಿವಿಯ ಧೂಳು ಒರೆಸಿಕೊಂಡ. “ಆಂ?”

“ಆದ್ರ ಈಗ ನಿನ್ನ ಹ್ಯಾಂಗ ಬಿಡ್ಲಿ? ಮೂರ ತಾಲೂಕಿನಾಗ ಜೀವಂತ ಇರೋದು ಇದೊಂದ! ಆ ಎರಡೂ ಜೀಪಿನಾಗ ಹಾಕ್ಕೊಂಡ ಬಂದೇನಿ, ಇಳಿಸಿಕೋ. ರಿಪೇರಿ ನೀನ ಮಾಡು. ಇನ್ನ ಮೂರೂ ಊರಿನ ಲೆಕ್ಕ ಇಲ್ಲೇ.”

“ಸಾಹೇಬ್ರ, ಇದೂ ಸಾಯ್ತದ್ರಿ! ಮುಂಜಾನಿ ಸತ್ತಿತ್ರಿ! ಬೇಕಾದ್ರ ಇವ್ರನ್ನ ಕೇಳ್ರಿ!”

ದೌಲತರಾಯರು ಅವನ ಮಾನ ಕಾಯಲು ಮುಂದೆ ಬಂದರು. “ಎಂದೂ ಸತ್ತಿಲ್ರಿ ಸಾಹೇಬ್ರ. ಸುಮ್ನ ವಿನಯಕ್ಕ ಹೇಳ್ತಾನ್ರಿ.”

“ಒಂದಿನಾನೂ ಸತ್ತಿಲ್ರಿ,” ಎಂದರು ಸುಭದ್ರಾಬಾಯಿ.

“ರಾತ್ರಿಯೆಲ್ಲ ಸುದ್ದ ನಡೀತದ್ರಿ,” ಎಂದಳು ಗುರಮ್ಮ.

ನಾಗಣ್ಣನಿಗೆ ತಡೆಯಲಾಗಲಿಲ್ಲ. ಹಾರಿ ಹೋಗಿ ಗುಂಡಿ ಒತ್ತಿ ಕಂಪ್ಯೂಟರನ್ನು ಆರಿಸಿಬಿಟ್ಟ.

ಸಾಹೇಬರು ಚಪ್ಪಾಳೆ ತಟ್ಟಿದರು. “ನೋಡ್ರಿ! ಕೆಲಸ ಮುಗೀತು, ಆ ಕ್ಷಣಕ್ಕ ಬಂದ್ ಮಾಡಿದ! ಶಿಸ್ತು ಅಂದ್ರ ಇದು. ಆ ಎರಡೂ ಊರಿನ ಮಂದಿ ಇದನ್ನ ಕಲೀಬೇಕು. ಈ ವಾರದಿಂದ ತರಬೇತಿ ನೀನ ಕೊಡು ನಾಗಣ್ಣ. ಅವ್ರಿಗೆ ಬ್ಯಾರೆ ದಿನ ಪುರಸೊತ್ತಿಲ್ಲ. ಶನಿವಾರ, ರವಿವಾರ ಇಲ್ಲೇ ಇಟ್ಕೋ.”

ನಾಗಣ್ಣನ ಧೂಳುಗಲ್ಲದ ಮೇಲೆ ಎರಡು ಗೆರೆ ಇಳಿದವು.

“ಪಾಪ,” ಎಂದರು ಸಾಹೇಬರು, ಅವನ ಭುಜ ತಟ್ಟಿ. “ಖುಷಿಗೆ ಕಣ್ಣಾಗ ನೀರ ಬಂದಾವ.”